ಶೇ 2ರ ಹೊಸ್ತಿಲು: ಅಮೆರಿಕದ ಪ್ರೈಮರಿ ಸಮೀಕ್ಷೆಗಳ ಲೆಕ್ಕ

2019ರ ಸೆಪ್ಟೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಆಕಾಂಕ್ಷಿಗಳ ಮೂರನೇ ಟಿ.ವಿ. ಚರ್ಚೆ ನಡೆಯಿತು. ವೇದಿಕೆ ಹತ್ತಲು ಎರಡು ಷರತ್ತುಗಳಿದ್ದವು: 1,30,000 ಮಂದಿಯಿಂದ ದೇಣಿಗೆ, ಜೊತೆಗೆ ಪಕ್ಷ ಒಪ್ಪಿದ ನಾಲ್ಕು ಸಮೀಕ್ಷೆಗಳಲ್ಲಿ ಕನಿಷ್ಠ ಶೇ 2 ಬೆಂಬಲ. ಜುಲೈನಲ್ಲಷ್ಟೇ ಕಣಕ್ಕಿಳಿದಿದ್ದ ಟಾಮ್ ಸ್ಟೇಯರ್‌ಗೆ ಮೂರು ಸಮೀಕ್ಷೆಗಳಲ್ಲಿ ಅಷ್ಟು ಸಿಕ್ಕಿತು, ಅಂಥ ನಾಲ್ಕನೆಯದು ಸಿಗಲಿಲ್ಲ. ಆ ಸುತ್ತಿಗೆ ಅವರು ಹೊರಗೆ. ಮೊದಲ ಮತ ಬೀಳಲು ಆಗಿನ್ನೂ ಐದು ತಿಂಗಳ ಹತ್ತಿರ ಸಮಯವಿತ್ತು.

ಈ ಶೇ 2ರ ಒಳಗೇನಿದೆ? ಸಾವಿರ ಜನರನ್ನು ಮಾತಾಡಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಒಂದು ಪಕ್ಷದ ಪ್ರೈಮರಿಗೆ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಮತದಾನಕ್ಕೆ) ಬರುವವರನ್ನು ಸೋಸಿದರೆ ಉಳಿಯುವವರು ಸುಮಾರು 400. ಅದರ ಶೇ 2 ಎಂದರೆ ಎಂಟು ಜನ. ಪೂರ್ಣಾಂಕಕ್ಕೆ ಸರಿಹೊಂದಿಸಿ ಪ್ರಕಟಿಸುವುದರಿಂದ ಆರು ಜನ (ಶೇ 1.5) ಹೆಸರು ಹೇಳಿದರೂ ‘ಶೇ 2’ ಎಂದೇ ಅಚ್ಚಾಗುತ್ತದೆ. ಈಗ ನಿಜವಾದ ಬೆಂಬಲ ಶೇ 1 ಮಾತ್ರ ಇರುವ ಅಭ್ಯರ್ಥಿಯನ್ನು ತೆಗೆದುಕೊಳ್ಳಿ. 400ರಲ್ಲಿ ಅವರಿಗೆ ಸರಾಸರಿ ನಾಲ್ವರು ಸಿಗಬೇಕು. ಆದರೆ ಬರೀ ಆಕಸ್ಮಿಕದಿಂದಲೇ ಆರು ಅಥವಾ ಹೆಚ್ಚು ಜನ ಸಿಗುವ ಸಂಭವ ಸುಮಾರು ಶೇ 21. ಅಂಥ 20 ಸಮೀಕ್ಷೆಗಳು ನಡೆದರೆ ನಾಲ್ಕರಲ್ಲಾದರೂ ದಾಟಿಬಿಡುವ ಸಂಭವ ಶೇ 65ರ ಹತ್ತಿರ! ನಿಯಮ ಕೇಳುತ್ತಿದ್ದುದು ಸರಾಸರಿಯನ್ನಲ್ಲ, ಎಷ್ಟರಲ್ಲಿ ದಾಟಿದರು ಎಂಬುದನ್ನು. ಹಾಗಾಗಿ ಹೆಚ್ಚು ಸಮೀಕ್ಷೆಗಳಲ್ಲಿ ಹೆಸರಿದ್ದವರಿಗೆ ಹೆಚ್ಚು ಅವಕಾಶ, ಬೇಗ ಕಣಕ್ಕಿಳಿದವರಿಗೆ ಹೆಚ್ಚು ಸಮೀಕ್ಷೆ. ಪ್ರಚಾರ ಉದ್ದವಾಗುವುದಕ್ಕೆ ಇದೂ ಒಂದು ಕಾರಣ.

2015ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ನರ ಮೊದಲ ಚರ್ಚೆಗೆ ಫಾಕ್ಸ್ ನ್ಯೂಸ್ ಐದು ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿ ತೆಗೆದು ಮೊದಲ ಹತ್ತು ಮಂದಿಯನ್ನು ಕರೆಯಿತು. ವಿಧಾನ ಮೇಲು, ಆದರೆ ಕೆಳಗಿನ ಸ್ಥಾನಗಳ ಅಂತರ ಅಲ್ಲೂ ತೀರಾ ಸಣ್ಣದು. ಹತ್ತನೆಯವರಾಗಿ ಜಾನ್ ಕೇಸಿಕ್ ಒಳಗೆ ಬಂದರು. ಹನ್ನೊಂದನೆಯವರಾದ ರಿಕ್ ಪೆರಿ ಮರುತಿಂಗಳೇ ಕಣ ಬಿಟ್ಟರು.

ಸಮೀಕ್ಷೆಯ ಅಡಿಯಲ್ಲಿ ‘±3’ ಎಂದು ಬರೆದಿರುತ್ತದಲ್ಲ (ಅಂಕಿ ಆಚೀಚೆ ಆಗಬಹುದಾದ ಅಂಶಗಳು), ಅದು ಸಾವಿರ ಜನರ ಲೆಕ್ಕ. ಸೋಸಿದ 400 ಜನರಿಗೆ ಅದು ±4.9. ಇಬ್ಬರ ನಡುವಿನ ಮುನ್ನಡೆಗಂತೂ ಇನ್ನೂ ದೊಡ್ಡದು: ಒಬ್ಬರಿಗೆ ಶೇ 30, ಇನ್ನೊಬ್ಬರಿಗೆ ಶೇ 26 ಬಂದರೆ ಆ ನಾಲ್ಕು ಅಂಶಗಳ ಅಂತರದ ಅನಿಶ್ಚಿತತೆ ಸುಮಾರು ±7.3. ಯಾದೃಚ್ಛಿಕವಾಗಿ ಆಯ್ದವರೆಲ್ಲ ಉತ್ತರಿಸಿದರೆ ಮಾತ್ರ ಇಷ್ಟು. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ನಡೆಸಿದ ದೂರವಾಣಿ ಸಮೀಕ್ಷೆಗಳಲ್ಲಿ 1997ರಲ್ಲಿ ಶೇ 36 ಇದ್ದ ಪ್ರತಿಕ್ರಿಯೆ 2018ಕ್ಕೆ ಶೇ 6ಕ್ಕೆ ಇಳಿದಿತ್ತು. ಕಡಿಮೆ ಸಿಕ್ಕ ವರ್ಗದವರ ಉತ್ತರಕ್ಕೆ ತೂಕ ಹೆಚ್ಚಿಸಿ ಸರಿದೂಗಿಸುತ್ತಾರೆ, ಆದರೆ ಹಾಗೆ ಮಾಡಿದಾಗ 400 ಜನರ ಮಾದರಿ ಮುನ್ನೂರಕ್ಕಿಂತ ಕಡಿಮೆ ಜನರ ಮಾದರಿಯಷ್ಟೇ ನಿಖರವಾಗಿ ಉಳಿಯಬಹುದು.

ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಅಮೆರಿಕದಲ್ಲೂ ಒಂದು ಕಾಲಕ್ಕೆ ಹೆಚ್ಚುಕಡಿಮೆ ಹಾಗೇ ಇತ್ತು: 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅದರ ಸುತ್ತ ಎದ್ದ ಗಲಾಟೆಯ ನಂತರ ನಿಯಮ ಬದಲಾಗಿ ಆಯ್ಕೆ ಮತದಾರರ ಕೈಗೆ ಹೋಯಿತು, ಪ್ರಚಾರ ಹಿಗ್ಗಿತು. ಕೆನಡಿ ತಮ್ಮ ಸ್ಪರ್ಧೆಯನ್ನು ಘೋಷಿಸಿದ್ದು ಚುನಾವಣಾ ವರ್ಷವೇ, 1960ರ ಜನವರಿ 2ರಂದು. 1976ರ ಚುನಾವಣೆಗೆ ಜಿಮ್ಮಿ ಕಾರ್ಟರ್ 1974ರ ಡಿಸೆಂಬರ್‌ನಲ್ಲೇ ಇಳಿದರು. ಜಾನ್ ಡೆಲಾನಿ 2020ಕ್ಕಾಗಿ 2017ರ ಜುಲೈನಲ್ಲಿ ಶುರುಮಾಡಿ, ಮೊದಲ ಮತಕ್ಕೆ ಮೂರು ದಿನ ಇರುವಾಗ ಹಿಂದೆ ಸರಿದರು.

ಮತದಾನಕ್ಕೆ ವರ್ಷವಿರುವಾಗ ಕೇಳುವ ‘ಯಾರಿಗೆ ಮತ ಹಾಕುತ್ತೀರಿ?’ ಎಂಬ ಪ್ರಶ್ನೆಗೆ ಹೆಚ್ಚಿನವರು ಕೊಡುವುದು ಕೇಳಿ ಗೊತ್ತಿರುವ ಹೆಸರನ್ನು. 2007ರ ಬಹುಕಾಲ ರಿಪಬ್ಲಿಕನ್ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಮುಂದಿದ್ದವರು ನ್ಯೂಯಾರ್ಕ್‌ನ ಮಾಜಿ ಮೇಯರ್ ರೂಡಿ ಜೂಲಿಯಾನಿ. ಮೊದಲ ರಾಜ್ಯಗಳನ್ನು ಬಿಟ್ಟು ಫ್ಲಾರಿಡಾವನ್ನು ನಂಬಿದರು, 2008ರ ಜನವರಿ 29ರಂದು ಅಲ್ಲಿ ಮೂರನೆಯವರಾದರು, ಮರುದಿನ ಕಣ ಬಿಟ್ಟರು. ಪ್ರೈಮರಿ ಒಂದೇ ದಿನ ದೇಶವಿಡೀ ನಡೆಯುವುದಿಲ್ಲ ಎಂಬುದನ್ನು ರಾಷ್ಟ್ರೀಯ ಸಮೀಕ್ಷೆ ಮರೆಸಿಬಿಡುತ್ತದೆ. ಬಹುಕಾಲ ಎಲ್ಲಕ್ಕಿಂತ ಮೊದಲು ಮತ ಹಾಕುತ್ತಿದ್ದ ಅಯೋವಾ ರಾಜ್ಯದಂಥ ಕಡೆಯ ಫಲಿತಾಂಶ ಬಂದ ಕ್ಷಣದಿಂದ ಮುಂದಿನ ರಾಜ್ಯಗಳ ಉತ್ತರವೇ ಬದಲಾಗತೊಡಗುತ್ತದೆ.

ಹಾಗೆಂದು ರಾಜ್ಯದ ಸಮೀಕ್ಷೆ ಸುಲಭವೇನಲ್ಲ. 2008ರಲ್ಲಿ ಅಯೋವಾಕ್ಕೂ ನ್ಯೂ ಹ್ಯಾಂಪ್‌ಶೈರ್‌ಗೂ ನಡುವೆ ಇದ್ದದ್ದು ಐದೇ ದಿನ. ಸಮೀಕ್ಷೆಗಳು ಒಬಾಮಾಗೆ ಸರಾಸರಿ ಎಂಟು ಅಂಶಗಳಷ್ಟು ಮುನ್ನಡೆ ತೋರಿಸಿದವು, ಗೆದ್ದವರು ಹಿಲರಿ ಕ್ಲಿಂಟನ್. ಸಮೀಕ್ಷಕರ ಸಂಘ ತನಿಖೆ ನಡೆಸಿದಾಗ ಹಲವು ಸಣ್ಣ ಕಾರಣಗಳು ಮುಂದೆ ಬಂದವು: ಕರೆ ಮಾಡುವುದನ್ನು ಬೇಗ ನಿಲ್ಲಿಸಿದ್ದು, ಮೊದಲ ಕರೆಗೆ ಸಿಗದವರನ್ನು ಮತ್ತೆಮತ್ತೆ ಹುಡುಕದಿದ್ದದ್ದು, ಮತಪತ್ರದಲ್ಲಿ ಕ್ಲಿಂಟನ್ ಹೆಸರು ಮೇಲ್ಭಾಗದಲ್ಲಿದ್ದದ್ದು. 2016ರ ಮಿಷಿಗನ್‌ನಲ್ಲಿ ಎಡವಟ್ಟು ಇನ್ನೂ ದೊಡ್ಡದು. ಸಮೀಕ್ಷೆಗಳ ಸರಾಸರಿಯಲ್ಲಿ ಇಪ್ಪತ್ತು ಅಂಶಗಳ ಹಿಂದಿದ್ದ ಬರ್ನಿ ಸ್ಯಾಂಡರ್ಸ್ ಒಂದೂವರೆ ಅಂಶದಿಂದ ಗೆದ್ದರು.

ಕಷ್ಟದ ಬುಡ ಇರುವುದು ‘ಯಾರು ಬರುತ್ತಾರೆ’ ಎಂಬಲ್ಲಿ. ಸುಮಾರು 32 ಲಕ್ಷ ಜನರಿರುವ ಅಯೋವಾದಲ್ಲಿ 2020ರ ಡೆಮಾಕ್ರಟಿಕ್ ಕಾಕಸ್‌ಗೆ (ಅಭ್ಯರ್ಥಿಯನ್ನು ಆರಿಸಲು ಪಕ್ಷದವರು ಸೇರುವ ಸಭೆಗೆ) ಬಂದವರು ಸುಮಾರು 1,76,000. ಹಿಂದೆ ಬಂದವರನ್ನಷ್ಟೇ ಕೇಳಿದರೆ ಹೊಸಬರು ತಪ್ಪಿಹೋಗುತ್ತಾರೆ, ‘ಬರುತ್ತೇನೆ’ ಎಂದವರನ್ನೆಲ್ಲ ನಂಬಿದರೆ ಲೆಕ್ಕ ಉಬ್ಬುತ್ತದೆ. 2008ರ ಕಾಕಸ್‌ಗೆ ಮುನ್ನ ಅಯೋವಾದ ಸಮೀಕ್ಷಕಿ ಆನ್ ಸೆಲ್ಜರ್ ಅವರ ಸಮೀಕ್ಷೆ ಮೊದಲ ಬಾರಿ ಬರುವವರೇ ಶೇ 60 ಎಂದಾಗ ಹಲವರು ನಂಬಿರಲಿಲ್ಲ. ಅಂದು ಬಾಗಿಲಲ್ಲಿ ಕೇಳಿದಾಗ ಸಿಕ್ಕ ಲೆಕ್ಕ ಅದರ ಆಸುಪಾಸಿನಲ್ಲೇ ಇತ್ತು, ಒಬಾಮಾ ಗೆದ್ದರು. 2020ರಲ್ಲಿ ಅದೇ ಸಮೀಕ್ಷೆಯ ಕೊನೆಯ ಸುತ್ತು ಪ್ರಕಟವಾಗಲೇ ಇಲ್ಲ. ಕರೆ ಮಾಡುವ ಒಬ್ಬರು ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡಿದ್ದರಿಂದ ಪಟ್ಟಿಯ ಕೊನೆಯ ಹೆಸರು ಕಾಣದೆ ಹೋಗಿತ್ತು. ಒಂದು ಕರೆಯಲ್ಲಿ ಆಕಾಂಕ್ಷಿ ಪೀಟ್ ಬುಟಜೆಜ್ ಹೆಸರನ್ನೇ ಓದಲಿಲ್ಲ ಎಂಬ ದೂರು ಬಂತು. ಪ್ರತಿ ಕರೆಗೂ ಹೆಸರುಗಳ ಕ್ರಮ ಬದಲಾಗುತ್ತಿದ್ದುದರಿಂದ ಯಾರ ಹೆಸರು ಎಷ್ಟು ಸಲ ತಪ್ಪಿತೆಂದು ತಿಳಿಯುವಂತಿರಲಿಲ್ಲ. ಕಾಕಸ್‌ಗೆ ಎರಡು ದಿನ ಮೊದಲು ಸಮೀಕ್ಷೆಯನ್ನೇ ಕೈಬಿಟ್ಟರು.