0.5% ಕ್ಲೋರಿನ್ ನೀರು: ನಾನು ಎಡವಿದ್ದು ಆ ‘ಮೈನಸ್ ಒಂದು’ ಹತ್ತಿರ

ಹೆರಿಗೆ ಹೊತ್ತಿನ ನಂಜು ತಡೆಯುವ ಪಾಠ ಸುಲಭ ಅಂದುಕೊಂಡಿದ್ದೆ. ಐದು ಸ್ವಚ್ಛತೆಗಳು ಬಾಯಿಪಾಠ ಆಗಿದ್ದವು: ಕೈ, ಹೆರಿಗೆಯ ಜಾಗ, ಬ್ಲೇಡು, ಹೊಕ್ಕುಳಬಳ್ಳಿಗೆ ಕಟ್ಟುವ ದಾರ, ಬಳ್ಳಿಯ ತುದಿ. ತುದಿಗೆ ಅರಿಶಿನ, ಎಣ್ಣೆ ಏನೂ ಹಚ್ಚಬಾರದು. ಸಿಕ್ಕಿಬಿದ್ದಿದ್ದು ಬಕೆಟ್ ಹತ್ತಿರ.

ಬಳಸಿದ ಕತ್ತರಿ, ಕ್ಲ್ಯಾಂಪುಗಳನ್ನು 0.5% ಕ್ಲೋರಿನ್ ನೀರಿನಲ್ಲಿ 10 ನಿಮಿಷ ಮುಳುಗಿಸಿಡಬೇಕು ಅನ್ನುವುದು ನಮ್ಮ ಪಾಠ. 5% ಬ್ಲೀಚ್ ದ್ರವ ಇದ್ದರೆ ಲೆಕ್ಕ ಹೀಗೆ: 5 ÷ 0.5 = 10, ಅದರಲ್ಲಿ 1 ಕಳೆದರೆ 9. ಅಂದರೆ ಒಂದು ಪಾಲು ಬ್ಲೀಚಿಗೆ 9 ಪಾಲು ನೀರು. ನಾನು ಪ್ರತಿ ಸಲ 10 ಪಾಲು ಬರೆದು ಮಾರ್ಕ್ಸ್ ಕಳೆದುಕೊಂಡೆ. ಒಂದು ಯಾಕೆ ಕಳೆಯಬೇಕು? ಮಜ್ಜಿಗೆ ನೆನಪಿಸಿಕೊಳ್ಳಿ. ಒಂದು ಲೋಟ ಮೊಸರಿನಿಂದ ಹತ್ತು ಲೋಟ ನೀರುಮಜ್ಜಿಗೆ ಆಗಬೇಕು ಅಂದರೆ ಒಂಬತ್ತು ಲೋಟ ನೀರು ಸಾಕು, ಅಲ್ವಾ? ಹತ್ತರಲ್ಲಿ ಒಂದು ಲೋಟ ಮೊಸರೇ ಇದೆ.

ಹಾಗಾದರೆ ದ್ರವದ ಬದಲು ಬ್ಲೀಚಿಂಗ್ ಪುಡಿ ಇದ್ದರೆ ಯಾಕೆ ಒಂದು ಕಳೆಯುವುದಿಲ್ಲ? ಪುಡಿಯನ್ನು ಪಾಲಿನಲ್ಲಿ ಅಳೆಯುವುದಿಲ್ಲ, ಲೀಟರಿಗೆ ಇಷ್ಟು ಗ್ರಾಂ ಅಂತ ತೂಗುತ್ತೇವೆ. 33% ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ 0.5 ÷ 33 × 1000, ಸುಮಾರು 15 ಗ್ರಾಂ. ಮೂರು ಟೀ ಚಮಚ, ತಲೆ ಸವರಿದ್ದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿಗೆ ಕಲಸಿ, ಆಮೇಲೆ ಉಳಿದ ನೀರು. ದಿನಾ ಹೊಸದು.

ಇಷ್ಟಾದರೂ ಉಪಕರಣ ಸ್ಟೆರೈಲ್, ಅಂದರೆ ಪೂರ್ತಿ ರೋಗಾಣುಮುಕ್ತ, ಆಗಿಲ್ಲ! ಆ 10 ನಿಮಿಷ ಅದನ್ನು ತೊಳೆಯುವವರ ಕೈ ಕಾಯಲು. ಆಮೇಲೆ ಸೋಪಿನಲ್ಲಿ ಉಜ್ಜಿ ತೊಳೆದು ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಬೇಕು. ಜಾಸ್ತಿ ಹೊತ್ತು ನೆನೆಸಿದರೆ ತುಕ್ಕು ಮಾತ್ರ ಲಾಭ.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೆ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕೈ ತೊಳೆಸಿದ್ದೂ ಇದೇ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದ ವಾರ್ಡಿನಲ್ಲಿ ಜೂನ್ ಹೊತ್ತಿಗೆ ಅದು 2ರ ಆಸುಪಾಸಿಗೆ ಇಳಿಯಿತು. ಈಗ ಕೈಗೆ ಸೋಪು ಸಾಕು, 40ರಿಂದ 60 ಸೆಕೆಂಡ್.

ಉಳಿದಿದ್ದು ಚಿಕ್ಕದು. ಸಹಜ ಹೆರಿಗೆಗೆ ‘ಇರಲಿ’ ಅಂತ ಆಂಟಿಬಯಾಟಿಕ್ ಬೇಡ, ಕೂದಲು ಬೋಳಿಸುವುದೂ ಬೇಡ. ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಗ್ಲೌಸ್ ಹಾಕಿದ್ದರೂ ಬೆರಳು ಕೆಳಗಿನ ರೋಗಾಣುಗಳನ್ನು ಮೇಲಕ್ಕೆ ಒಯ್ಯುತ್ತದೆ, ನೀರು ಹೋದ ಮೇಲಂತೂ ಇನ್ನೂ ಅಪಾಯ. ನೋಡಿದ ಹೊತ್ತನ್ನು ಪಾರ್ಟೋಗ್ರಾಫಿನಲ್ಲಿ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ಚಾರ್ಟು) ಆಗಲೇ ಬರೆದುಬಿಡಿ. ಮುಂದಿನ ಪಾಳಿಯವರು ಸುಮ್ನೆ ಮತ್ತೊಮ್ಮೆ ಪರೀಕ್ಷೆ ಮಾಡುವುದು ತಪ್ಪುತ್ತದೆ.