ದರಗಿನ ಕಾಲಕ್ಕೇ ಏಳುವ ಜ್ವರ

ಮಂಗನ ಕಾಯಿಲೆ ಎಂಬ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ಪಾಪ, ಮಂಗವೂ ರೋಗಿಯೇ; ನಮಗಿಂತ ಮೊದಲು ಸಾಯುತ್ತದೆ. ವೈರಸ್ಸನ್ನು ನಮ್ಮ ಮೈಗೆ ದಾಟಿಸುವುದು ರಕ್ತ ಹೀರುವ ಉಣುಗು, ಅಂದರೆ ಉಣ್ಣೆ ಹುಳ. ಮನುಷ್ಯರಿಂದ ಮನುಷ್ಯರಿಗೆ ಹರಡದ ಕಾರಣ, ಯಾರಿಗೆ ಅಂಟುತ್ತದೆ ಎಂಬುದು ಬಹುಪಾಲು ಅವರವರ ಕೆಲಸದ ಮೇಲೆ ನಿಂತಿದೆ: ದರಗು (ಕಾಡಿನಲ್ಲಿ ಉದುರಿದ ಒಣ ಎಲೆ) ಗುಡಿಸುವವರು, ಸೌದೆ ತರುವವರು, ದನ ಕಾಯುವವರು, ಅರಣ್ಯ ಕಾವಲುಗಾರರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಒಂದರ ಹಿಂದೊಂದು ಸತ್ತಾಗ, ಹಳದಿ ಜ್ವರ ಬಂತೇನೋ ಎಂದು ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸದೇ ವೈರಸ್ ಪತ್ತೆ ಮಾಡಿದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕೆಂದು ಕಾಡು ಕಡಿದ ಬೆನ್ನಿಗೇ ಕಾಯಿಲೆ ಜೋರಾಗಿ ಎದ್ದಿತು. ಆಮೇಲೆ 2012ರಲ್ಲಿ ಬಂಡೀಪುರ, ಮುಂದೆ ವಯನಾಡು, ಗೋವಾದ ಸತ್ತರಿ, 2019ರಲ್ಲಿ ಸಾಗರದ ಅರಳಗೋಡು.

ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ. ಗಸಗಸೆ ಕಾಳಿನಷ್ಟಿರುವ ಮರಿ ಉಣುಗು ಒಣ ಎಲೆಯ ನಡುವೆ ತುಂಬಿಕೊಳ್ಳುವುದು ಆಗಲೇ. ಮಲೆನಾಡಿನ ಅಡಿಕೆ ತೋಟಕ್ಕೆ ಕೊಟ್ಟಿಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ದನದ ಕಾಲಡಿ ಹಾಸಲು ದರಗು ಬೇಕು, ಅದನ್ನು ಮಳೆಗೆ ಕೊಳೆಯುವ ಮೊದಲು ತಂದು ರಾಶಿ ಹಾಕಿಕೊಳ್ಳಬೇಕು. ‘ಕಾಡಿಗೆ ಹೋಗಬೇಡಿ’ ಎಂದು ಸಾರಿದ ತಿಂಗಳುಗಳೂ ದರಗು ತರುವ ತಿಂಗಳುಗಳೂ ಒಂದೇ. ಇತ್ತ ಕಾಡಿನಲ್ಲಿ ಮೇಯುವ ದನದ ರಕ್ತ ಕುಡಿದ ದೊಡ್ಡ ಉಣುಗು ನೆಲಕ್ಕುದುರಿ ಮೊಟ್ಟೆಯಿಡುತ್ತದೆ. ಮುಂದಿನ ವರ್ಷದ ಮರಿಗಳು ಅಲ್ಲಿಂದಲೇ.

ಮಂಗ ಸತ್ತು ಮೈ ತಣ್ಣಗಾಗುತ್ತಲೇ ಉಣುಗುಗಳು ಇಳಿದು ಸುತ್ತ ಚದುರುತ್ತವೆ. ಹೆಣ ಸುಟ್ಟರೆ ಮುಗಿಯಲಿಲ್ಲ, ಸುತ್ತ 50 ಮೀಟರ್ ಮೆಲಾಥಿಯಾನ್ ಕೀಟನಾಶಕದ ಪುಡಿ ಉದುರಿಸಬೇಕು. ವಾಸನೆ ಬಂದ ಮೇಲೆ ಗೊತ್ತಾದರೆ ತಡವಾಯಿತೆಂದೇ ಅರ್ಥ.

ಉಣುಗು ಹತ್ತದಂತೆ ಮೈಗೆ ಹಚ್ಚಲು ಮೊದಲು ಡಿಎಂಪಿ ಎಂಬ ಎಣ್ಣೆ ಕೊಡುತ್ತಿದ್ದರು, ಈಗ ಡೆಪಾ ಎಂಬುದು. ಕಾಡಿಗೆ ಹೊರಡುವ ಮುನ್ನ ಕೈಕಾಲಿಗೆಲ್ಲ ಸವರಬೇಕು. ಕೆಲವು ಗಂಟೆಗಳಲ್ಲಿ ಅದರ ಬಲ ಇಳಿಯುತ್ತದೆ. ಬೆಳಗ್ಗೆ ಹಚ್ಚಿದ್ದನ್ನೇ ನಂಬಿ ಸಂಜೆತನಕ ಗುಡಿಸಿದರೆ ಉಪಯೋಗವಿಲ್ಲ. ಮರಳಿದ ಮೇಲೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಾಕಿ ಬಿಸಿನೀರಿನ ಸ್ನಾನ.

ಲಸಿಕೆಯ ಕತೆ ಬೇರೆ. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ 5 ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ದಿನಗೂಲಿಯವರು ಎಷ್ಟು ಸಲ ಬಂದಾರು? 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸಿನ ರಕ್ಷಣೆ ಶೇ 62ರ ಆಸುಪಾಸು, ಬೂಸ್ಟರ್ ಸೇರಿದರೆ ಶೇ 83. ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹಾಗಾಗಿ ಕೈಯಲ್ಲಿ ಉಳಿದದ್ದು ಎಣ್ಣೆ ಬಾಟಲಿ.

ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಮರುಕಳಿಸಿ ಮಿದುಳಿಗೂ ತಟ್ಟುತ್ತದೆ. ಇದಕ್ಕೆಂದೇ ಔಷಧವಿಲ್ಲ, ಬೇಗ ಗುರುತಿಸಿ ಆರೈಕೆ ಮಾಡಬೇಕಷ್ಟೆ. ಆಸ್ಪತ್ರೆಯ ಚೀಟಿಯಲ್ಲಿ ವಯಸ್ಸು, ತೂಕ ಬರೆದುಕೊಳ್ಳುತ್ತಾರೆ. ಹೋದ ವಾರ ಯಾವ ಕಾಡಿನಲ್ಲಿ ದರಗು ಗುಡಿಸಿದ್ದು ಎಂಬುದನ್ನು ಯಾರೂ ಕೇಳದಿದ್ದರೆ ರೋಗಿಯೇ ಹೇಳಬೇಕು.