ಒಂದೇ ತಗಡು, ಒಂದೇ ಸಲಕ್ಕೆ ಮೂರು ಬಣ್ಣ

ಬಣ್ಣದ ಅಚ್ಚುಚಿತ್ರ ತೆಗೆಯಲು ಸಾಮಾನ್ಯವಾಗಿ ಬಣ್ಣಕ್ಕೊಂದು ತಗಡು ಬೇಕು. ಕಾಗದವೂ ಅಷ್ಟು ಸಲ ಪ್ರೆಸ್ಸಿನೊಳಗೆ ಹೋಗಿಬರಬೇಕು, ಕೂದಲೆಳೆಯಷ್ಟೂ ಸರಿಯದೆ. ಈ ಕಾಟ ತಪ್ಪಿಸಿದವರಲ್ಲಿ ಕೃಷ್ಣ ರೆಡ್ಡಿ ಒಬ್ಬರು. 1925ರಲ್ಲಿ ಚಿತ್ತೂರು ಸೀಮೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿ, 1950ರ ದಶಕದಲ್ಲಿ ಪ್ಯಾರಿಸ್ಸಿನ ಅಟೆಲಿಯೆ 17 ಸೇರಿದರು. ಸ್ಟ್ಯಾನ್ಲಿ ವಿಲಿಯಂ ಹೇಟರ್ ನಡೆಸುತ್ತಿದ್ದ ಆ ಕಾರ್ಯಾಗಾರದಲ್ಲಿ ಇನ್ನೊಬ್ಬ ಕಲಾವಿದ ಕೈಕೋ ಮೋತಿಯವರ ಜೊತೆಗೂಡಿ ಅವರು ರೂಪಿಸಿದ್ದೇ ವಿಸ್ಕಾಸಿಟಿ ಪ್ರಿಂಟಿಂಗ್, ಅಂದರೆ ಶಾಯಿಗಳ ಗಟ್ಟಿ-ತೆಳುವಿನ ವ್ಯತ್ಯಾಸದಿಂದಲೇ ಒಂದೇ ತಗಡಿನ ಹಲವು ಬಣ್ಣಗಳನ್ನು ಒಂದೇ ಸಲಕ್ಕೆ ಅಚ್ಚೊತ್ತುವ ವಿಧಾನ. 1976ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲೇ ನೆಲೆಸಿದರು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. 2018ರಲ್ಲಿ ಅಲ್ಲೇ ತೀರಿಕೊಂಡರು.

ರೆಡ್ಡಿ ಶಿಲ್ಪಿಯೂ ಹೌದು. ಸತುವಿನ ತಗಡನ್ನು ಆಸಿಡ್ಡಿನಿಂದ ಕೊರೆದು, ಉಳಿಯಿಂದ ಕೆತ್ತಿ, ಕೆರೆದು ಉಜ್ಜಿ ಏರುತಗ್ಗುಗಳನ್ನು ಮಾಡುತ್ತಿದ್ದರು. ಮೊದಲು ಅತಿ ಆಳದ ಗೆರೆಗಳಿಗೆ ಶಾಯಿ ತುಂಬಿ ಮೇಲ್ಮೈಯನ್ನು ಒರೆಸಬೇಕು. ಆಮೇಲೆ ಅಗಸೆ ಎಣ್ಣೆ ಬೆರೆಸಿ ತೆಳುವಾಗಿಸಿದ ಶಾಯಿಯನ್ನು ಗಟ್ಟಿ ರಬ್ಬರ್ ರೋಲರಿನಿಂದ ಹಗುರವಾಗಿ ಹಾಯಿಸಬೇಕು. ಅದು ಎತ್ತರದ ಭಾಗಗಳಿಗಷ್ಟೇ ತಾಗುತ್ತದೆ. ಕೊನೆಗೆ ಮೆತ್ತನೆ ರೋಲರಿನಲ್ಲಿ ಗಟ್ಟಿ, ಅಂಟು ಶಾಯಿ. ಈ ರೋಲರ್ ಒತ್ತಿದಾಗ ಬಾಗಿ ತಗ್ಗಿಗೂ ಇಳಿಯುತ್ತದೆ.

ಎರಡನೆಯ ರೋಲರ್ ಎತ್ತರದ ಮೇಲೂ ಹಾಯುತ್ತದಲ್ಲ, ಬಣ್ಣ ಯಾಕೆ ಬೆರೆಯುವುದಿಲ್ಲ? ರೋಲರ್ ಮೇಲೇಳುವಾಗ ಶಾಯಿಯ ಪದರ ಎಲ್ಲಿ ದುರ್ಬಲವೋ ಅಲ್ಲೇ ಸೀಳುತ್ತದೆ. ಎಣ್ಣೆ ಹೆಚ್ಚಿರುವ ಶಾಯಿ ಸುಲಭವಾಗಿ ಸೀಳುತ್ತದೆ, ಹಾಗಾಗಿ ಅಂಟು ಶಾಯಿ ಅದರ ಮೇಲೆ ನಿಲ್ಲದೆ ರೋಲರಿನ ಜೊತೆಗೇ ಹೋಗುತ್ತದೆ. ಎಣ್ಣೆ ತಾಗದ ತಗ್ಗಿನ ಲೋಹಕ್ಕೆ ಮಾತ್ರ ಹಿಡಿದುಕೊಳ್ಳುತ್ತದೆ. ಕ್ರಮ ತಿರುಗಿಸಿ ಅಂಟಿನದನ್ನು ಮೊದಲು ಹಾಕಿದರೆ, ತೆಳುವಾದದ್ದು ಅದರ ಮೇಲೆ ಕೂತು ಬಣ್ಣ ಬೆರೆಯುತ್ತದೆ. ಆಫ್‌ಸೆಟ್ ಮುದ್ರಣದವರು ಹಸಿ ಶಾಯಿಯ ಮೇಲೆ ಶಾಯಿ ಕೂರಿಸಲು ಇದೇ ಎರಡನೆಯ ಕ್ರಮ ಹಿಡಿಯುತ್ತಾರೆ.

ಕೆಡುವುದು ಬಹುಪಾಲು ಶಾಯಿಯ ಹದದಲ್ಲೇ. ಚಾಕುವಿನ ತುದಿಯಿಂದ ತೆಳು ಶಾಯಿ ಜೇನಿನಂತೆ ಎಳೆಯಾಗಿ ಇಳಿಯಬೇಕು, ಗಟ್ಟಿಯದು ತಡವಾಗಿ ಮುದ್ದೆಯಾಗಿ ಬೀಳಬೇಕು. ಎರಡರ ನಡುವೆ ಅಂತರ ಸಾಲದಿದ್ದರೆ ಕೆಸರುಬಣ್ಣ ಖಚಿತ. ಸೆಕೆಗೆ ಗಟ್ಟಿ ಶಾಯಿಯೂ ಸಡಿಲವಾಗುವುದರಿಂದ, ಬೆಳಗ್ಗೆ ಸರಿಯಿದ್ದ ಹದವನ್ನು ಮಧ್ಯಾಹ್ನ ಮತ್ತೆ ನೋಡಬೇಕು. ರೋಲರಿನ ಸುತ್ತಳತೆ ತಗಡಿನ ಉದ್ದಕ್ಕಿಂತ ಹೆಚ್ಚಿರಲಿ. ಒಂದೇ ಸುತ್ತಿನಲ್ಲಿ ಮುಗಿಯದಿದ್ದರೆ ಎರಡನೆಯ ಸುತ್ತು ಶುರುವಾದಲ್ಲಿ ಅಡ್ಡಗೆರೆ ಬೀಳುತ್ತದೆ. ಗಟ್ಟಿ ರೋಲರನ್ನು ಒತ್ತಿದರಂತೂ ಎಣ್ಣೆ ತಗ್ಗಿಗೂ ಇಳಿದು, ಮುಂದಿನ ಬಣ್ಣಕ್ಕೆ ಜಾಗವೇ ಇರುವುದಿಲ್ಲ.

ರೆಡ್ಡಿಯವರ ‘ಗ್ರೇಟ್ ಕ್ಲೌನ್’ ಚಿತ್ರದ ಪ್ರತಿಗಳು ಬೇರೆಬೇರೆ ಬಣ್ಣದಲ್ಲಿವೆ. ತಗಡು ಅದೇ, ಬದಲಾದದ್ದು ಶಾಯಿ.